ಒಳಬಂದ ಗಾಳಿಗೆ ಹೊರಹೋಗುವ ದಾರಿ

ರೇಷ್ಮೆ ಹುಳುವಿಗೆ ಮನೆ ಕಟ್ಟುವಾಗ ರೈತ ಕಿಟಕಿಯ ಲೆಕ್ಕ ತಪ್ಪುವುದಿಲ್ಲ. ನಂಜನಗೂಡು, ತಿ. ನರಸೀಪುರ ಸೀಮೆಯಲ್ಲಿ ಹಿಪ್ಪುನೇರಳೆ ತೋಟದ ಬದಿಗೆ ನಿಂತಿರುವ ಹುಳುಮನೆಗಳನ್ನು ನೋಡಿದರೆ ಇದು ತಿಳಿಯುತ್ತದೆ. ಎದುರುಬದುರು ಗೋಡೆಗಳಲ್ಲಿ ಸಾಲು ಕಿಟಕಿ, ಸೂರಿನ ಕೆಳಗೆ ಗಾಳಿಕಿಂಡಿ, ಎಲ್ಲಕ್ಕೂ ನೈಲಾನ್ ಪರದೆ. ಚಾಕಿ ಹುಳುವಿಗೆ, ಎಂದರೆ ಎಳೆಯ ಹುಳುವಿಗೆ, 27–28 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿನ, ತೇವದ ಕೋಣೆ ಬೇಕು. ನಾಲ್ಕನೇ ಜ್ವರ, ಎಂದರೆ ಪೊರೆ ಬಿಡುವ ಹಂತ, ಮುಗಿಸಿ ಎದ್ದು ರಾಶಿ ರಾಶಿ ಸೊಪ್ಪು ಮೇಯುವ ಹುಳುವಿಗೆ 24–25 ಡಿಗ್ರಿ ಸಾಕು, ತೇವಾಂಶ ಶೇ 70ರ ಆಸುಪಾಸಿನಲ್ಲಿರಬೇಕು. ಆ ಹೊತ್ತಿನಲ್ಲಿ ಗಾಳಿ ಆಡದಿದ್ದರೆ ಹಾಸಿಗೆಯಲ್ಲಿ ಶಾಖ ಏಳುತ್ತದೆ, ಹುಳು ಮೇವು ಬಿಡುತ್ತದೆ, ರೋಗಕ್ಕೆ ಬೀಳುತ್ತದೆ. 1980ರಲ್ಲಿ ಕರ್ನಾಟಕಕ್ಕೆ ಊಜಿ ನೊಣ ಬಂತು. ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಬೆಳೆಯನ್ನೇ ತಿಂದುಹಾಕುವ ಈ ನೊಣಕ್ಕೆ ಹೆದರಿ ಕಿಟಕಿ ಮುಚ್ಚುವಂತಿರಲಿಲ್ಲ, ತೆರೆದಿಡುವಂತೆಯೂ ಇರಲಿಲ್ಲ. ಗಾಳಿ ಬರಬೇಕು, ನೊಣ ಬರಬಾರದು. ಪರದೆ ಹಾಕಿದ ಎದುರುಬದುರು ಕಿಟಕಿ ಆ ಇಕ್ಕಟ್ಟಿಗೆ ಸಿಕ್ಕ ಉತ್ತರ.

ಅದೇ ತೋಟದ ಪಕ್ಕದಲ್ಲಿ, ಅದೇ ಮೇಸ್ತ್ರಿ ಕಟ್ಟಿದ ವಾಸದ ಮನೆಯೊಳಗೆ ಹೋದರೆ ಮಲಗುವ ಕೋಣೆಗೆ ಎಷ್ಟೋ ವೇಳೆ ಒಂದೇ ಕಿಟಕಿ ಇರುತ್ತದೆ. ಅದಕ್ಕೊಂದು ಗ್ರಿಲ್ಲು, ಗಾಜು, ದಪ್ಪ ಪರದೆ ಬಟ್ಟೆ. ಎದುರು ಗೋಡೆಯಲ್ಲಿ ಬೀರು, ಅದರ ಮೇಲೆ ಲಾಫ್ಟು. ಏಪ್ರಿಲ್ ಮಧ್ಯಾಹ್ನ ಫ್ಯಾನು ತಿರುಗುತ್ತಿದ್ದರೂ ಒಳಗೆ ಕುಳಿತವರಿಗೆ ಬೆವರು ಆರುವುದಿಲ್ಲ. ಕಿಟಕಿ ತೆರೆದೇ ಇದ್ದರೂ ಗಾಳಿ ಒಳಗೆ ಬರುವುದಿಲ್ಲ, ಏಕೆಂದರೆ ಹೊರಗೆ ಹೋಗಲು ಅದಕ್ಕೆ ದಾರಿಯಿಲ್ಲ.

ಬಾಗಿಲು ಕಿಟಕಿ ಆರಿಸುವ ಮಾತು ಬಂದಾಗ ಮನೆಯವರ ನಡುವೆ ನಡೆಯುವ ಚರ್ಚೆ ಹೆಚ್ಚಾಗಿ ಸಾಮಗ್ರಿಯದು. ತೇಗವೋ ಹೊನ್ನೆಯೋ, ಯುಪಿವಿಸಿಯೋ ಅಲ್ಯೂಮಿನಿಯಮ್ಮೋ, ಗಾಜು ಹಸಿರೋ ಕಪ್ಪೋ. ಇವು ಬೇಡದ ಪ್ರಶ್ನೆಗಳಲ್ಲ. ಆದರೆ ಇವುಗಳಿಗಿಂತ ಮೊದಲು ಕೇಳಬೇಕಾದ್ದು ಬೇರೆ ಇದೆ: ಗಾಳಿ ಎಲ್ಲಿಂದ ಬಂದು ಎಲ್ಲಿಂದ ಹೋಗಬೇಕು, ಕಿಟಕಿಯಲ್ಲಿ ನಿಜವಾಗಿ ತೆರೆಯುವ ಭಾಗ ಎಷ್ಟು, ರಾತ್ರಿ ಅದನ್ನು ಧೈರ್ಯವಾಗಿ ತೆರೆದಿಟ್ಟು ಮಲಗಬಹುದೇ. ಇವು ಇತ್ಯರ್ಥವಾಗದೆ ಕೊಂಡ ಕಿಟಕಿ ಎಷ್ಟು ಬೆಲೆಯದಾದರೂ ಮನೆಯನ್ನು ತಂಪು ಮಾಡುವುದಿಲ್ಲ.

ಒಂದು ಸಣ್ಣ ಲೆಕ್ಕ ಮಾಡಿ ನೋಡಬಹುದು. ಹತ್ತು ಹನ್ನೆರಡು ಅಡಿಯ ಕೋಣೆಯ ನೆಲ 120 ಚದರ ಅಡಿ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಬಿಸಿಲು ಒಣಹವೆಯ ಪ್ರದೇಶಕ್ಕೆ ನೆಲದ ಹತ್ತನೇ ಒಂದು ಭಾಗ, ಸೆಕೆ ತೇವದ ಪ್ರದೇಶಕ್ಕೆ ಆರನೇ ಒಂದು ಭಾಗ, ಇವೆರಡರ ನಡುವಿನ ಹವೆಗೆ ಎಂಟನೇ ಒಂದು ಭಾಗದಷ್ಟು ಕಿಟಕಿ ತೆರಪು ಇರಬೇಕೆನ್ನುತ್ತದೆ. ಎಂಟನೇ ಒಂದು ಎಂದು ಹಿಡಿದರೆ ಈ ಕೋಣೆಗೆ 15 ಚದರ ಅಡಿ ಬೇಕು. ನಾಲ್ಕು ಅಡಿಗೆ ನಾಲ್ಕು ಅಡಿಯ ಕಿಟಕಿ ಇಟ್ಟರೆ 16 ಚದರ ಅಡಿ ಸಿಕ್ಕಿತು, ಲೆಕ್ಕ ಸರಿಹೋಯಿತು ಎನಿಸುತ್ತದೆ. ಆದರೆ ಆ ಕಿಟಕಿ ಸ್ಲೈಡಿಂಗ್ ಆದರೆ? ಒಂದು ಗಾಜು ಇನ್ನೊಂದರ ಹಿಂದಕ್ಕೆ ಸರಿಯುತ್ತದೆ, ಅಷ್ಟೆ. ಎಷ್ಟೇ ತಳ್ಳಿದರೂ ಅರ್ಧ ಕಿಟಕಿ ಮುಚ್ಚಿಯೇ ಇರುತ್ತದೆ. ತೆರೆಯುವುದು 8 ಚದರ ಅಡಿ, ಎಂದರೆ ನೆಲದ ಹದಿನೈದನೇ ಒಂದು ಭಾಗ. ಅದೇ ಅಳತೆಯ ಎರಡು ಕದದ, ಹೊರಕ್ಕೆ ತೆರೆಯುವ ಹಳೆಯ ಮಾದರಿಯ ಕಿಟಕಿ ಹೆಚ್ಚುಕಡಿಮೆ ಪೂರ್ತಿ ತೆರೆಯುತ್ತದೆ. ಕೇಂದ್ರ ಇಂಧನ ಸಚಿವಾಲಯ 2018ರ ಡಿಸೆಂಬರ್‌ನಲ್ಲಿ ಹೊರತಂದ ಇಕೋ ನಿವಾಸ್ ಸಂಹಿತೆ ಈ ವ್ಯತ್ಯಾಸವನ್ನು ಸರಿಯಾಗಿ ಗುರುತಿಸಿದೆ. ಅದು ಗಾಜಿನ ಅಳತೆಯನ್ನು ಬಿಟ್ಟು ತೆರೆಯಬಲ್ಲ ಭಾಗವನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಸಮಶೀತೋಷ್ಣ ವಲಯಕ್ಕೆ ನೆಲದ ಶೇ 12.5ರಷ್ಟು ತೆರೆಯಲೇಬೇಕು ಎನ್ನುತ್ತದೆ.

ಸ್ಲೈಡಿಂಗ್ ಕಿಟಕಿಗೂ ಅದರದೇ ಜಾಗವಿದೆ. ಓಣಿಯಲ್ಲಿ ಕದ ಹೊರಕ್ಕೆ ಚಾಚಿದರೆ ಓಡಾಡುವವರ ತಲೆಗೆ ತಗಲುವ ಕಡೆ, ಬಾಲ್ಕನಿಯಲ್ಲಿ ಜಾಗ ಸಾಲದ ಕಡೆ ಅದು ಸಲ್ಲುತ್ತದೆ. ಹಾಗೆ ಹಾಕುವುದಾದರೆ ಕಿಟಕಿಯ ಅಗಲವನ್ನೇ ಹೆಚ್ಚಿಸಿಕೊಳ್ಳಬೇಕು. ಈಗ ಹೊಸ ಬಡಾವಣೆಗಳಲ್ಲಿ ಬೇಕಾದ ಕಡೆ, ಬೇಡದ ಕಡೆ ಎಲ್ಲೆಡೆ ಅದೇ ಬರುತ್ತಿರುವುದು ಬೇಸರದ ಸಂಗತಿ.

ಎತ್ತರದ ಲೆಕ್ಕವೂ ಹೀಗೆಯೇ ಕೈತಪ್ಪಿದೆ. ಕಿಟಕಿಯ ತಳ ನೆಲದಿಂದ ಮೂರು, ಮೂರೂವರೆ ಅಡಿ ಎಂದು ಮೇಸ್ತ್ರಿಗಳಿಗೆ ಬಾಯಿಪಾಠವಾಗಿದೆ. ಕಟ್ಟಡ ಸಂಹಿತೆ ಗಾಳಿ ಎಲ್ಲಿ ಬೇಕು ಎಂಬುದನ್ನು ಮನುಷ್ಯರು ಇರುವ ಮಟ್ಟದಿಂದ ಅಳೆಯುತ್ತದೆ: ಕುರ್ಚಿಯಲ್ಲಿ ಕುಳಿತವರಿಗೆ 0.75 ಮೀಟರ್, ಮಂಚದ ಮೇಲೆ ಕುಳಿತವರಿಗೆ 0.60 ಮೀಟರ್, ನೆಲದ ಮೇಲೆ ಕುಳಿತವರಿಗೆ 0.40 ಮೀಟರ್. ಕಡೆಯದು ಒಂದೂಕಾಲು ಅಡಿಗಿಂತ ತುಸು ಹೆಚ್ಚು. ಚಾಪೆ ಹಾಸಿ ಊಟಕ್ಕೆ ಕೂರುವ, ಮಧ್ಯಾಹ್ನ ತಣ್ಣನೆ ನೆಲದ ಮೇಲೆ ಒರಗುವ ಜನರಿರುವ ಮನೆಯಲ್ಲಿ ಮೂರೂವರೆ ಅಡಿ ಎತ್ತರದ ಕಿಟಕಿಯಿಂದ ಬಂದ ಗಾಳಿ ಅವರ ತಲೆಯ ಮೇಲೆಯೇ ಹಾದುಹೋಗುತ್ತದೆ. ನಡುಮನೆಯಲ್ಲಿ ಒಂದಾದರೂ ಕಿಟಕಿಯನ್ನು ಎರಡು ಅಡಿಗೆ ಇಳಿಸಿ, ಅದರ ತಳವನ್ನೇ ಕೂರುವ ಕಟ್ಟೆಯಾಗಿ ಮಾಡಿಕೊಂಡರೆ ಗಾಳಿಯ ಜೊತೆಗೆ ಮನೆಗೊಂದು ಕೂರುವ ಜಾಗವೂ ಸಿಗುತ್ತದೆ. ಮಕ್ಕಳಿರುವ ಮನೆಯಾದರೆ ಕೆಳಭಾಗಕ್ಕೆ ಗಟ್ಟಿ ಸರಳು ಬೇಕು.

ಇನ್ನು ಬಿಸಿಲು. ನಂಜನಗೂಡು ಇರುವುದು ಸುಮಾರು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ವರ್ಷಕ್ಕೆ ಎರಡು ಬಾರಿ, ಏಪ್ರಿಲ್ ಮೂರನೇ ವಾರದ ಕೊನೆಯಲ್ಲಿ ಮತ್ತು ಆಗಸ್ಟ್ ಮೂರನೇ ವಾರದಲ್ಲಿ, ನಡುಹಗಲ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ದಕ್ಷಿಣದ ಗೋಡೆಗೆ ಬಿಸಿಲು ಜಾಸ್ತಿ ಎಂದು ಹೆದರಿ ಕಿಟಕಿ ಕಿರಿದು ಮಾಡುವವರಿದ್ದಾರೆ. ಅಳೆದು ನೋಡಿದರೆ ಆ ಹೆದರಿಕೆಗೆ ಆಧಾರವಿಲ್ಲ. ಮಾರ್ಚ್ 21ರ ಮಧ್ಯಾಹ್ನ ದಕ್ಷಿಣದ ಕಿಟಕಿಯ ಮೇಲೆ ಒಂದೂವರೆ ಅಡಿ ಸಜ್ಜಾ ಇದ್ದರೆ ಅದರ ನೆರಳು ಗೋಡೆಯ ಮೇಲೆ ಏಳು ಅಡಿ ಕೆಳಗಿನವರೆಗೂ ಬೀಳುತ್ತದೆ, ಇಡೀ ಕಿಟಕಿ ನೆರಳಿನಲ್ಲಿರುತ್ತದೆ. ಡಿಸೆಂಬರ್‌ನಲ್ಲಿ ಅದೇ ನೆರಳು ಎರಡಡಿಗೆ ಕುಗ್ಗಿ ಎಳೆಬಿಸಿಲು ಒಳಗೆ ಬರುತ್ತದೆ, ಅದು ಚಳಿಗಾಲಕ್ಕೆ ಬೇಕಾದ ಬಿಸಿಲೇ.

ಕಾಡುವುದು ಪಶ್ಚಿಮ. ಅದೇ ಮಾರ್ಚ್ 21ರಂದು ಸಂಜೆ ನಾಲ್ಕೂವರೆಗೆ ಸೂರ್ಯ ದಿಗಂತದಿಂದ 30 ಡಿಗ್ರಿಗೂ ಕೆಳಗಿರುತ್ತಾನೆ. ಒಂದೂವರೆ ಅಡಿ ಸಜ್ಜಾ ಆಗ ಕೊಡುವ ನೆರಳು ಹತ್ತು ಅಂಗುಲ. ಉಳಿದ ಕಿಟಕಿಯಷ್ಟೂ ಬಿಸಿಲು ಒಳಗೆ ಬಂದು ನೆಲ, ಮಂಚ, ಗೋಡೆ ಎಲ್ಲವನ್ನೂ ಕಾಯಿಸಿಬಿಡುತ್ತದೆ, ರಾತ್ರಿ ಹತ್ತರವರೆಗೆ ಆ ಕಾವು ಇಳಿಯುವುದಿಲ್ಲ. ಕಪ್ಪು ಗಾಜು ಹಾಕಿದರೆ ಪರಿಹಾರ ಎಂದು ಅಂಗಡಿಯಲ್ಲಿ ಹೇಳುತ್ತಾರೆ. ಕಪ್ಪು ಗಾಜು ಬಿಸಿಲನ್ನು ತಾನೇ ಹೀರಿಕೊಂಡು ಕಾಯುತ್ತದೆ, ಕಾದು ಆ ಶಾಖದ ಒಂದು ಪಾಲನ್ನು ಕೋಣೆಗೇ ಬಿಡುತ್ತದೆ. ಮೇಲಾಗಿ ಹಗಲಿನಲ್ಲೂ ದೀಪ ಹಾಕುವಂತೆ ಮಾಡುತ್ತದೆ. ಪಶ್ಚಿಮದ ಬಿಸಿಲನ್ನು ಗಾಜಿನ ಹೊರಗೇ ತಡೆಯಬೇಕು. ಕಿಟಕಿಯ ಪಕ್ಕದಲ್ಲಿ ಗೋಡೆಯಿಂದ ಹೊರಚಾಚಿದ ನಿಲುವು ಹಲಗೆ, ಹೊರಗಿನಿಂದ ಇಳಿಬಿಡುವ ಬಿದಿರ ತಟ್ಟಿ, ಪಟ್ಟಿ ಪಟ್ಟಿಯ ಲೂವರ್ ಕದ, ಹಿತ್ತಲಲ್ಲಿ ಒಂದು ಹೊಂಗೆ ಮರ. ಇವುಗಳಲ್ಲಿ ಹೊಂಗೆ ಮರವೇ ಅಗ್ಗದ್ದು. ಬೇಸಗೆ ಏರುವ ಹೊತ್ತಿಗೆ ಅದು ಹೊಸ ಎಲೆ ತೊಟ್ಟಿರುತ್ತದೆ.

ಇಲ್ಲಿ ಒಂದು ತೊಡಕಿದೆ. ಮಳೆಗಾಲದ ಗಾಳಿ ಈ ಸೀಮೆಗೆ ಬೀಸುವುದೇ ಪಶ್ಚಿಮ, ನೈಋತ್ಯದ ಕಡೆಯಿಂದ. ತಲಕಾಡಿನಲ್ಲಿ ಕಾವೇರಿಯ ಪಾತ್ರದ ಮರಳನ್ನು ಎತ್ತಿ ತಂದು ದೇವಾಲಯಗಳ ಮೇಲೆ ಗುಡ್ಡೆ ಹಾಕಿದ್ದು ನೈಋತ್ಯದ ಗಾಳಿಯೇ ಎಂದು ಆ ಮರಳ ರಾಶಿಯನ್ನು ಅಧ್ಯಯನ ಮಾಡಿದವರು ಹೇಳುತ್ತಾರೆ. ಆದರೆ ವಾಸ್ತು ನೋಡುವವರು ನೈಋತ್ಯ ಮೂಲೆ ಭಾರವಾಗಿರಬೇಕು, ಮುಚ್ಚಿರಬೇಕು ಎನ್ನುತ್ತಾರೆ. ಯಜಮಾನರ ಮಲಗುವ ಕೋಣೆಯನ್ನು ಅಲ್ಲಿಯೇ ಇಡುತ್ತಾರೆ. ಫಲವಾಗಿ ಗಾಳಿ ಹೆಚ್ಚು ಸಿಗಬಹುದಾದ ಕೋಣೆಯೇ ಮನೆಯಲ್ಲಿ ಹೆಚ್ಚು ಸೆಕೆಯ ಕೋಣೆಯಾಗುತ್ತದೆ. ನಂಬಿಕೆಯನ್ನು ಬಿಡದೆಯೂ ಇದನ್ನು ಸರಿಮಾಡಬಹುದು. ಮೂಲೆಯನ್ನು ಮುಚ್ಚಿಯೇ ಇಟ್ಟು, ಅಲ್ಲಿ ಬೀರು ನಿಲ್ಲಿಸಿ, ದಕ್ಷಿಣದ ಗೋಡೆಯ ನಡುವೆ ಅಗಲವಾದ ಕಿಟಕಿ, ಪಶ್ಚಿಮದ ಗೋಡೆಯಲ್ಲಿ ಕಿರಿದಾದ, ಲೂವರ್ ಪಟ್ಟಿಯ ಕಿಟಕಿ ಇಟ್ಟುಕೊಂಡರೆ ಗಾಳಿಗೂ ದಾರಿ, ನಂಬಿಕೆಗೂ ಚ್ಯುತಿಯಿಲ್ಲ. ಅಕ್ಟೋಬರ್ ದಾಟಿದ ಮೇಲೆ ಗಾಳಿ ಈಶಾನ್ಯಕ್ಕೆ ತಿರುಗುತ್ತದೆ. ಆಗ ಒಳಬರುತ್ತಿದ್ದ ಕಿಂಡಿಯೇ ಹೊರಹೋಗುವ ಕಿಂಡಿಯಾಗುತ್ತದೆ. ಎರಡು ಬದಿಯಲ್ಲೂ ತೆರಪು ಹೆಚ್ಚುಕಡಿಮೆ ಸಮವಾಗಿರಬೇಕು ಎನ್ನುವುದು ಇದೇ ಕಾರಣಕ್ಕೆ.

ಮುಂಬಾಗಿಲಿಗೆ ಈ ಕಷ್ಟವಿಲ್ಲ. ಅದರ ದಿಕ್ಕು, ಅಳತೆ, ನಿಲ್ಲಿಸುವ ಗಳಿಗೆ ಎಲ್ಲವೂ ಪಂಚಾಂಗ ನೋಡಿ ನಿಶ್ಚಯವಾಗುತ್ತದೆ. ಬಾಗಿಲು ಇಡುವ ಶಾಸ್ತ್ರಕ್ಕೆ ನೆಂಟರು ಬರುತ್ತಾರೆ, ಬಾಗಿಲುವಾಡಕ್ಕೆ ಅರಿಸಿನ ಕುಂಕುಮ ಹಚ್ಚಿ, ಮಾವಿನ ಸೊಪ್ಪು ಕಟ್ಟಿ, ಅಡಿಗೆ ನವಧಾನ್ಯ ಹಾಕಿ ನಿಲ್ಲಿಸುತ್ತಾರೆ. ಆ ದಿನ ಮನೆಯವರಷ್ಟೂ ಜನ ನಿವೇಶನದಲ್ಲೇ ಇರುತ್ತಾರೆ. ಕಿಟಕಿಗಳ ಜಾಗವನ್ನೂ ಅದೇ ದಿನ ಸುಣ್ಣದ ಗೆರೆ ಎಳೆದು, ಗಾಳಿ ಯಾವ ಕಡೆಯಿಂದ ಬರುತ್ತಿದೆ ಎಂದು ನಿಂತು ನೋಡಿ ನಿಶ್ಚಯಿಸಿದರೆ ಎಷ್ಟೋ ಮನೆಗಳ ಹಣೆಬರಹ ಬದಲಾದೀತು. ಈಗ ಅದು ಗೋಡೆ ಎದ್ದ ಮೇಲೆ ಮೇಸ್ತ್ರಿಯ ಅಂದಾಜಿಗೆ ಬಿಟ್ಟ ಕೆಲಸ.

ಹಳೆಯ ಮನೆಗಳಲ್ಲಿ ಕಿಟಕಿ ದೊಡ್ಡದಿರಲಿಲ್ಲವಲ್ಲ, ಅವು ತಂಪಾಗಿರಲಿಲ್ಲವೇ ಎಂಬ ಪ್ರಶ್ನೆ ಬರುತ್ತದೆ. ಹಳೇ ಮೈಸೂರು ಸೀಮೆಯ ತೊಟ್ಟಿ ಮನೆಯಲ್ಲಿ ಬೀದಿಯ ಕಡೆಗೆ ಇದ್ದದ್ದು ಮರದ ಸರಳಿನ ಕಿರುಕಿಟಕಿಗಳೇ. ಆದರೆ ಮನೆಯ ನಡುವೆ ತೊಟ್ಟಿ ಇತ್ತು. ಬೆಳಕು ಅಲ್ಲಿಂದ ಇಳಿಯುತ್ತಿತ್ತು, ಕಾದ ಗಾಳಿ ಅಲ್ಲಿಂದ ಮೇಲೇರುತ್ತಿತ್ತು, ಏರಿದ್ದರ ಜಾಗಕ್ಕೆ ಬೀದಿಬಾಗಿಲು, ಹಿತ್ತಿಲ ಬಾಗಿಲಿನಿಂದ ತಂಪುಗಾಳಿ ಎಳೆದುಕೊಂಡು ಬರುತ್ತಿತ್ತು. ಬೀದಿಬಾಗಿಲು, ತೊಟ್ಟಿ, ಹಿತ್ತಿಲ ಬಾಗಿಲು ಒಂದೇ ನೇರಕ್ಕೆ ಇರುತ್ತಿದ್ದ ಮನೆಗಳಲ್ಲಿ ಮಧ್ಯಾಹ್ನ ಮೂರೂ ತೆರೆದಿದ್ದರೆ ಪಡಸಾಲೆಯಲ್ಲಿ ಕಣ್ಣು ತಾನಾಗಿ ಮುಚ್ಚುತ್ತಿತ್ತು. ಅಣ್ಣತಮ್ಮಂದಿರ ಪಾಲಾದಾಗ ತೊಟ್ಟಿಯ ನಡುವೆ ಗೋಡೆ ಎದ್ದಿತು, ಮಿಕ್ಕ ಜಾಗಕ್ಕೆ ಶೀಟು ಬಂತು. ಬೀದಿಯ ಕಡೆಯ ಕಿರುಕಿಟಕಿಗಳು ಹಾಗೆಯೇ ಉಳಿದವು. ಇಂಥ ಅರೆಪಾಲಿನ ಮನೆಗಳೇ ಇಂದು ಹೆಚ್ಚು ಕತ್ತಲೆಯವು. ಅವಕ್ಕೆ ಗೋಡೆಯ ಕಿಟಕಿಗಿಂತ ಮೊದಲು ಬೇಕಾದದ್ದು ಛಾವಣಿಯ ಬೆಳಕಿಂಡಿ. ಹೆಂಚಿನ ಮನೆಯಾದರೆ ನಾಲ್ಕಾರು ಗಾಜಿನ ಹೆಂಚು, ಶೀಟಾದರೆ ಅದನ್ನು ಒಂದೂವರೆ ಅಡಿ ಮೇಲೆತ್ತಿ ಸುತ್ತ ಜಾಲರಿ ಕೊಟ್ಟರೆ ಬಿಸಿಗಾಳಿ ಮತ್ತೆ ಮೇಲಿನಿಂದ ಹೋಗುತ್ತದೆ.

ಹಳತೆಲ್ಲ ಒಳ್ಳೆಯದು ಎನ್ನುವಂತೆಯೂ ಇಲ್ಲ. 1898ರಲ್ಲಿ ಮೈಸೂರಿಗೆ ಪ್ಲೇಗ್ ನುಗ್ಗಿದಾಗ ಗಾಳಿ ಬೆಳಕಿಲ್ಲದ ಇಕ್ಕಟ್ಟಿನ ಕೇರಿಗಳು ಎಷ್ಟು ಅಪಾಯ ಎಂಬುದು ಕಣ್ಣಿಗೆ ಕಂಡಿತು. 1903ರಲ್ಲಿ ನಗರಾಭಿವೃದ್ಧಿಗೆಂದೇ ಮೈಸೂರಿನಲ್ಲಿ ಟ್ರಸ್ಟ್ ಮಂಡಳಿ ಹುಟ್ಟಿಕೊಂಡಿತು, ಅಗಲ ಬೀದಿಯ ಬಡಾವಣೆಗಳು ಎದ್ದವು. ಕ್ಷಯದಂತೆ ಗಾಳಿಯಲ್ಲಿ ಹರಡುವ ಕಾಯಿಲೆಗಳಿಗೆ ತೆರೆದ ಕಿಟಕಿ ಎಷ್ಟು ದೊಡ್ಡ ತಡೆ ಎಂಬುದನ್ನು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಆಸ್ಪತ್ರೆಗಳಿಗಾಗಿ ಹೊರಡಿಸಿದ ಮಾರ್ಗಸೂಚಿ ವಿವರಿಸುತ್ತದೆ. ಮನೆಯಲ್ಲಿ ಒಬ್ಬರು ಕೆಮ್ಮುತ್ತಿದ್ದರೆ ಆ ಕೋಣೆಯ ಎರಡು ಬದಿಯ ಕಿಟಕಿಯೂ ಔಷಧಿಯ ಜೊತೆಗೆ ಕೆಲಸ ಮಾಡುತ್ತದೆ.

ಗಾಳಿ ಬೆಳಕು ಬಿಟ್ಟುಕೊಂಡು ಮರೆಯನ್ನೂ ಉಳಿಸಿಕೊಳ್ಳುವ ಉಪಾಯ ತಿ. ನರಸೀಪುರ ತಾಲ್ಲೂಕಿನಲ್ಲೇ ಕಲ್ಲಿನಲ್ಲಿದೆ. ಹೊಯ್ಸಳ ದೊರೆ ಮೂರನೇ ನರಸಿಂಹನ ದಂಡನಾಯಕ ಸೋಮನಾಥ ಹದಿಮೂರನೇ ಶತಮಾನದಲ್ಲಿ ಪ್ರತಿಷ್ಠಾಪಿಸಿದ ಸೋಮನಾಥಪುರದ ಕೇಶವ ದೇವಾಲಯಕ್ಕೆ ಹೋಗುವವರು ಹೊರಗೋಡೆಯ ಶಿಲ್ಪಗಳ ಮುಂದೆ ಬಹಳ ಹೊತ್ತು ನಿಲ್ಲುತ್ತಾರೆ. ಮುಂಭಾಗದ ಮಂಟಪದ ಜಾಲಂಧ್ರಗಳ ಮುಂದೆ ನಿಲ್ಲುವವರು ಕಡಿಮೆ. ಕಲ್ಲನ್ನು ತೂತು ತೂತಾಗಿ ಕೊರೆದು ಮಾಡಿದ ಈ ಜಾಲರಿಗಳಿಗೆ ಕದವಿಲ್ಲ, ಚಿಲಕವಿಲ್ಲ. ಹೊರಗಿನ ಕಟುಬೆಳಕು ಅವುಗಳ ಮೂಲಕ ಸೋಸಿ ಬಂದು ಒಳಗಿನ ಕಂಬಗಳ ಮೇಲೆ ಮೃದುವಾಗಿ ಬೀಳುತ್ತದೆ. 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಗುಡಿಯಿಂದ ಮನೆ ಕಟ್ಟುವವರು ಕಲಿಯಬೇಕಾದ್ದು ಇಷ್ಟು: ತೆರಪಿಗೆ ಯಾವಾಗಲೂ ಕದ ಬೇಕೆಂದಿಲ್ಲ. ಮೆಟ್ಟಿಲ ಬದಿ, ಬಟ್ಟೆ ಒಗೆಯುವ ಜಾಗ, ಉಗ್ರಾಣ, ಹಜಾರದ ಎತ್ತರದ ಗೋಡೆ ಇಂಥ ಕಡೆಗಳಲ್ಲಿ ಸಿಮೆಂಟ್ ಜಾಲಿ ಅಥವಾ ಸುಟ್ಟಮಣ್ಣಿನ ಜಾಲಿ ಸಾಕು. ಕೇರಳದಲ್ಲಿ ನೆಲೆಸಿ ಕೆಲಸ ಮಾಡಿದ ವಾಸ್ತುಶಿಲ್ಪಿ ಲಾರಿ ಬೇಕರ್ ಇಟ್ಟಿಗೆಗಳ ನಡುವೆ ಸಂದು ಬಿಟ್ಟು ಕಟ್ಟಿದ ಜಾಲಿ ಗೋಡೆಗಳನ್ನೇ ಎಷ್ಟೋ ಮನೆಗಳಲ್ಲಿ ಕಿಟಕಿಗೆ ಬದಲಾಗಿ ಬಳಸಿದರು. ಚೌಕಟ್ಟು, ಗಾಜು, ಗ್ರಿಲ್ಲು, ಕೊಂಡಿ ಎಲ್ಲ ಸೇರಿದ ಕಿಟಕಿ ಅದು ತುಂಬುವ ಗೋಡೆಗಿಂತ ಹಲವು ಪಟ್ಟು ದುಬಾರಿ ಎಂಬ ಲೆಕ್ಕ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಈ ಸೀಮೆಯ ಹವೆಯಲ್ಲಿ ಮನೆ ತಂಪಾಗುವುದು ರಾತ್ರಿ. ಏಪ್ರಿಲ್‌ನಲ್ಲಿ ಹಗಲು 35 ಡಿಗ್ರಿಯ ಆಸುಪಾಸಿಗೆ ಏರಿದರೂ ಬೆಳಗಿನ ಜಾವಕ್ಕೆ 21–22ಕ್ಕೆ ಇಳಿಯುತ್ತದೆ. ರಾತ್ರಿಯಿಡೀ ಕಿಟಕಿ ತೆರೆದಿದ್ದರೆ ಗೋಡೆ, ನೆಲ ಹಗಲಲ್ಲಿ ಹೀರಿದ ಕಾವನ್ನು ಬಿಟ್ಟುಕೊಡುತ್ತವೆ, ಮರುದಿನ ಮಧ್ಯಾಹ್ನದವರೆಗೂ ಆ ತಂಪು ಉಳಿಯುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಮುಚ್ಚಿ ಸಂಜೆ ಆರಕ್ಕೆ ಮತ್ತೆ ತೆರೆದರೆ ಇನ್ನೂ ಒಳ್ಳೆಯದು. ಆದರೆ ಹೆಚ್ಚಿನ ಮನೆಗಳಲ್ಲಿ ನಡೆಯುವುದು ತಿರುಗಾಮುರುಗಾ. ಹಗಲು ತೆರೆದಿಡುತ್ತಾರೆ, ಕತ್ತಲಾದೊಡನೆ ಸೊಳ್ಳೆಗೆ ಹೆದರಿ ಮುಚ್ಚುತ್ತಾರೆ. ಕಬಿನಿ ಬಲದಂಡೆ ನಾಲೆ, ವರುಣಾ ನಾಲೆ, ಮಾಧವ ಮಂತ್ರಿ ಅಣೆಕಟ್ಟೆಯ ನೀರು ಹರಿಯುವ ಗದ್ದೆ ಬಯಲಿನ ಊರುಗಳಲ್ಲಿ ಸೊಳ್ಳೆಯ ಭಯ ಸುಳ್ಳಲ್ಲ. ಹಾಗಾಗಿ ಇಲ್ಲಿ ಸೊಳ್ಳೆ ಜಾಲರಿಯನ್ನು ಕಿಟಕಿಯ ಜೊತೆಗೇ, ಮೊದಲ ದಿನವೇ ಲೆಕ್ಕಕ್ಕೆ ಹಿಡಿಯಬೇಕು. ಜಾಲರಿ ಗಾಳಿಯ ಒಂದಷ್ಟು ಪಾಲನ್ನು ತಡೆಯುತ್ತದೆ. ಧೂಳು ಕೂತರೆ ಇನ್ನೂ ಹೆಚ್ಚು. ಆದ್ದರಿಂದ ತೆಗೆದು ತೊಳೆಯುವಂಥ ಜಾಲರಿಯೇ ಆಗಬೇಕು, ಚೌಕಟ್ಟಿಗೆ ಮೊಳೆ ಹೊಡೆದು ಕೂರಿಸಿದ್ದಲ್ಲ. ಇಲಿಯ ಕಾಟವಿರುವ ಮನೆಗೆ ನೈಲಾನಿಗಿಂತ ಸ್ಟೀಲ್ ಜಾಲರಿ ಬಾಳಿಕೆ ಬರುತ್ತದೆ.

ಗ್ರಿಲ್ ಬಗ್ಗೆ ಒಂದು ಮಾತು. ಎಲ್ಲ ಕಿಟಕಿಯ ಗ್ರಿಲ್ಲನ್ನೂ ಗೋಡೆಗೆ ಬೆಸೆದುಬಿಟ್ಟರೆ ಬೆಂಕಿ ಬಿದ್ದಾಗ ಹೊರಬರುವ ದಾರಿ ಮುಂಬಾಗಿಲೊಂದೇ. ಮಲಗುವ ಕೋಣೆಯ ಒಂದು ಕಿಟಕಿಗಾದರೂ ಒಳಗಿನಿಂದ ಬೀಗ ತೆಗೆದು ಬಿಚ್ಚಬಹುದಾದ ಗ್ರಿಲ್ ಇರಲಿ. ಬೀಗದಕೈ ಎಲ್ಲಿದೆ ಎಂಬುದು ಮನೆಯ ಮಕ್ಕಳಿಗೂ ಗೊತ್ತಿರಲಿ.

ಈಗ ಸಾಮಗ್ರಿಯ ವಿಚಾರ. ಬಾಗಿಲುವಾಡಕ್ಕೆ ತೇಗ ಮೊದಲ ಆಯ್ಕೆಯಾಗಿ ಉಳಿದಿರುವುದಕ್ಕೆ ಸಕಾರಣವಿದೆ. ಅದರಲ್ಲಿರುವ ಎಣ್ಣೆಯ ಅಂಶ ಗೆದ್ದಲನ್ನು ದೂರವಿಡುತ್ತದೆ, ಮಳೆಗಾಲ ಬೇಸಗೆಯಲ್ಲಿ ಉಬ್ಬು ತಗ್ಗು ಕಡಿಮೆ. ಹೊನ್ನೆ, ಮತ್ತಿ, ಹಲಸು, ಬೇವು ಇವನ್ನೂ ಇಲ್ಲಿನ ಆಚಾರಿಗಳು ತಲೆಮಾರುಗಳಿಂದ ಬಳಸಿದ್ದಾರೆ. ಜಾತಿಗಿಂತ ಮುಖ್ಯವಾದದ್ದು ಮರ ಒಣಗಿದೆಯೇ ಎಂಬುದು. ಹಸಿಮರದಲ್ಲಿ ಮಾಡಿದ ಕದ ಮೊದಲ ಬೇಸಗೆಗೇ ಸೆಟೆದುಕೊಳ್ಳುತ್ತದೆ. ತೇವಾಂಶ ಶೇ 12ರ ಸುತ್ತಮುತ್ತ ಇರಬೇಕು. ಅದನ್ನು ಅಳೆಯುವ ಸಣ್ಣ ಮೀಟರ್ ಸಿಗುತ್ತದೆ, ಮರದಂಗಡಿಯಲ್ಲಿ ಕೇಳಿ ನೋಡಲು ಸಂಕೋಚ ಬೇಡ. ಬಿಳಿಪಟ್ಟಿಯ ಭಾಗ ಗೆದ್ದಲಿಗೆ ಬೇಗ ತುತ್ತಾಗುವುದರಿಂದ ಚೇಗು ಎಷ್ಟಿದೆ ಎಂದೂ ನೋಡಬೇಕು. ಸ್ವಂತ ಹೊಲದ ಮರ ಕಡಿಸುವವರು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮವನ್ನು ನೆನಪಿಡಬೇಕು. ತೆಂಗು, ನೀಲಗಿರಿ, ಸಿಲ್ವರ್ ಓಕ್‌ನಂಥ ವಿನಾಯಿತಿ ಪಡೆದ ಮರಗಳನ್ನು ಬಿಟ್ಟರೆ ಉಳಿದವಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು.

ಮರದಂಗಡಿಯವರು ದರ ಹೇಳುವುದು ಘನ ಅಡಿಗೆ, ಅವರ ಮಾತಿನಲ್ಲಿ ಸಿಎಫ್‌ಟಿಗೆ. ಏಳಡಿ ಎತ್ತರ, ಮೂರೂವರೆ ಅಡಿ ಅಗಲದ, ಹೊಸ್ತಿಲು ಸೇರಿದ ಬಾಗಿಲುವಾಡಕ್ಕೆ ಒಟ್ಟು 21 ಅಡಿ ಉದ್ದದ ತೊಲೆ ಬೇಕು. ಐದು ಅಂಗುಲಕ್ಕೆ ನಾಲ್ಕು ಅಂಗುಲದ ತೊಲೆಯಾದರೆ ಅದು ಹೆಚ್ಚುಕಡಿಮೆ ಮೂರು ಘನ ಅಡಿ. ಹೇಳಿದ ದರವನ್ನು ಮೂರರಿಂದ ಗುಣಿಸಿ, ಕೊಯ್ತದ ನಷ್ಟ ಸೇರಿಸಿದರೆ ಮರದ ಖರ್ಚು ಗೊತ್ತಾಗುತ್ತದೆ. ಒಳಗಿನ ಬಾಗಿಲುಗಳಿಗೂ ಅಷ್ಟೇ ದಪ್ಪದ ತೇಗ ಹಾಕುವ ಬದಲು ಆ ಹಣವನ್ನು ಇನ್ನೆರಡು ಕಿಟಕಿಗೆ ತಿರುಗಿಸುವುದು ಜಾಣತನ.

ನದಿಯ ದಂಡೆಯ ಊರುಗಳಿಗೆ ಬೇರೆಯೇ ಲೆಕ್ಕ. 2018 ಮತ್ತು 2019ರ ಮಳೆಗಾಲಗಳಲ್ಲಿ ವಯನಾಡಿನ ಮಳೆಗೆ ಬೀಚನಹಳ್ಳಿಯ ಕಬಿನಿ ಜಲಾಶಯ ತುಂಬಿ, ನಂಜನಗೂಡಿನಲ್ಲಿ ಹದಿನಾರು ಕಾಲು ಮಂಟಪ ಮುಳುಗಿ, ತಗ್ಗಿನ ಬಡಾವಣೆಗಳಿಗೆ ಕಪಿಲೆ ಎಂದೂ ಕರೆಯುವ ಕಬಿನಿ ನುಗ್ಗಿತು. ಕೆಳಗೆ ಸಂಗಮದ ತಿರುಮಕೂಡಲಿನಲ್ಲಿ ಕಾವೇರಿಯ ನೀರೂ ಕೂಡಿಕೊಳ್ಳುತ್ತದೆ. ಹೀಗೆ ನೀರಲ್ಲಿ ನಿಂತ ಮನೆಯಲ್ಲಿ ಮೊದಲು ಹಾಳಾಗುವುದು ಅಗ್ಗದ ಪ್ಲೈವುಡ್ ಕದ. ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ. ಇಂಥ ಕಡೆ ನೆಲಮಹಡಿಗೆ ಕಲ್ಲಿನ ಅಥವಾ ಸಿಮೆಂಟ್ ಬಾಗಿಲುವಾಡ, ಯುಪಿವಿಸಿ ಅಥವಾ ಅಲ್ಯೂಮಿನಿಯಂ ಕಿಟಕಿ ಒಳ್ಳೆಯದು. ಪ್ಲೈವುಡ್ ಬೇಕೇ ಬೇಕೆಂದರೆ ಐಎಸ್ 710 ಗುರುತಿನ ಮೆರೈನ್ ದರ್ಜೆಯದು, ಫ್ಲಶ್ ಡೋರ್ ಆದರೆ ಐಎಸ್ 2202 ಗುರುತಿದ್ದು ಕುದಿನೀರು ತಾಳುವ ಅಂಟಿನದು ಎಂದು ಕೇಳಿ ಪಡೆಯಬೇಕು. ಯುಪಿವಿಸಿ ಕೊಳ್ಳುವಾಗ ಒಳಗೆ ಸ್ಟೀಲ್ ಪಟ್ಟಿ ಇದೆಯೇ ಎಂದು ನೋಡುವುದು ಮುಖ್ಯ. ಅದಿಲ್ಲದ ಅಗಲ ಕದ ಕೆಲವೇ ವರ್ಷಗಳಲ್ಲಿ ಜೋತುಬೀಳುತ್ತದೆ. ನೀರಿಳಿದ ಮೇಲೆ ಮರದ ಕದವನ್ನು ಬಿಚ್ಚಿ ನೆರಳಲ್ಲಿ, ಮಟ್ಟವಾಗಿ ಒರಗಿಸಿ ಒಣಗಿಸಬೇಕು. ಬಿಸಿಲಿಗೆ ಹಾಕಿದರೆ ಸೀಳುತ್ತದೆ, ಒಣಗುವ ಮೊದಲೇ ಬಣ್ಣ ಬಳಿದರೆ ಒಳಗಿನ ತೇವ ಅಲ್ಲೇ ಉಳಿದು ಕೊಳೆಯುತ್ತದೆ.

ಒಳಗಿನ ಬಾಗಿಲುಗಳಲ್ಲಿ ಜನ ಲಕ್ಷ್ಯ ಕೊಡದ ಬಾಗಿಲೆಂದರೆ ಬಚ್ಚಲಿನದು. ಮನೆಯಲ್ಲೇ ಕಿರಿದಾದ ಬಾಗಿಲು, ಎರಡೂವರೆ ಅಡಿ, ಅದಕ್ಕೇ ಮೀಸಲು. ಬಿದ್ದು ಸೊಂಟ ಮುರಿದುಕೊಂಡ ಅಜ್ಜಿಯನ್ನು ಗಾಲಿಕುರ್ಚಿಯಲ್ಲಿ ಕರೆದೊಯ್ಯಬೇಕಾದ ದಿನ ಅದರ ಕಷ್ಟ ಗೊತ್ತಾಗುತ್ತದೆ. ಅಂಗವಿಕಲರು, ವೃದ್ಧರಿಗೆ ಅನುಕೂಲವಾಗುವ ಕಟ್ಟಡಗಳಿಗಾಗಿ ಕೇಂದ್ರ ಸರ್ಕಾರ 2021ರಲ್ಲಿ ಹೊರಡಿಸಿದ ಮಾರ್ಗಸೂಚಿ ಬಾಗಿಲಿನ ತೆರಪು 900 ಮಿಲಿಮೀಟರ್ ಇರಬೇಕೆನ್ನುತ್ತದೆ. ಚೌಕಟ್ಟು ಕಳೆದು ಅಷ್ಟು ಸಿಗಬೇಕಾದರೆ ಹೊರ ಅಳತೆ ಮೂರೂವರೆ ಅಡಿ ಹಿಡಿಯಬೇಕು. ಬಚ್ಚಲ ಕದ ಹೊರಕ್ಕೆ ತೆರೆಯಲಿ. ಒಳಗೆ ಜಾರಿ ಬಿದ್ದವರ ಮೈಯೇ ಒಳಕ್ಕೆ ತೆರೆಯುವ ಕದಕ್ಕೆ ಅಡ್ಡವಾದರೆ ಸಹಾಯಕ್ಕೆ ಬಂದವರು ಒಳಹೋಗಲಾರರು. ಚಿಲಕವೂ ಹೊರಗಿನಿಂದ ನಾಣ್ಯ ಹಾಕಿ ತಿರುಗಿಸಬಲ್ಲಂಥದ್ದಾಗಿರಲಿ. ದಿನಾ ರಂಗೋಲಿ ಬಿಡಿಸಿ ಪೂಜೆ ಮಾಡುವ ಮುಂಬಾಗಿಲ ಹೊಸ್ತಿಲು ಇರಲಿ, ಒಳಗಿನ ಕೋಣೆಗಳಿಗೆ ಹೊಸ್ತಿಲು ಬೇಡ. ಮಬ್ಬುಗಣ್ಣಿನ ಹಿರಿಯರು ರಾತ್ರಿ ಎಡವುವುದು ಅಲ್ಲಿಯೇ.

ಅಡುಗೆಮನೆಗೆ ರಾಷ್ಟ್ರೀಯ ಕಟ್ಟಡ ಸಂಹಿತೆಯೇ ಕಿಟಕಿಯ ತೆರಪನ್ನು ಶೇ 25ರಷ್ಟು ಹೆಚ್ಚಿಸಲು ಹೇಳುತ್ತದೆ. ಒಗ್ಗರಣೆಯ ಹೊಗೆ ಮೇಲೇರುತ್ತದೆ, ಅದಕ್ಕೆ ಸೂರಿನ ಹತ್ತಿರ ಕಿಂಡಿ ಬೇಕು. ಅಡುಗೆ ಅನಿಲ ಸೋರಿದರೆ ಅದು ಗಾಳಿಗಿಂತ ಭಾರವಾದ್ದರಿಂದ ನೆಲದ ಮೇಲೆ ಹರಡುತ್ತದೆ, ಅದಕ್ಕೆ ಕೆಳಗೂ ಕಿಂಡಿ ಬೇಕು. ಹಿತ್ತಿಲ ಬಾಗಿಲ ತಳದಲ್ಲಿ ಜಾಲರಿ ಕೊಟ್ಟ ಗೇಣುದ್ದದ ತೆರಪು ಇದ್ದರೂ ಸಾಕು.

ಇದೆಲ್ಲ ದೊಡ್ಡ ಮನೆಯವರ ಮಾತು ಎನಿಸಬಾರದು. ಪ್ರಧಾನ ಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ಮನೆಯ ಕನಿಷ್ಠ ಅಳತೆ 25 ಚದರ ಮೀಟರ್, ಸುಮಾರು 270 ಚದರ ಅಡಿ. ಎಂಟನೇ ಒಂದರ ಲೆಕ್ಕದಲ್ಲಿ ಅದಕ್ಕೆ 34 ಚದರ ಅಡಿ ತೆರಪು ಬೇಕು: ಮೂರಕ್ಕೆ ನಾಲ್ಕು ಅಡಿಯ, ಪೂರ್ತಿ ತೆರೆಯುವ ಮೂರು ಕಿಟಕಿ. ಒಂದನ್ನು ಮುಂದೆ, ಒಂದನ್ನು ಹಿಂದೆ, ಒಂದನ್ನು ಬದಿಗೆ ಇಟ್ಟರೆ ಒಂದೇ ಕೋಣೆಯ ಮನೆಯೂ ಉಸಿರಾಡುತ್ತದೆ. ಎರಡೂ ಪಕ್ಕದ ಮನೆಗಳು ಗೋಡೆಗೆ ಗೋಡೆ ಅಂಟಿಕೊಂಡಿರುವ ಕಾಲೊನಿಗಳಲ್ಲಿ ಮುಂದೆ ಹಿಂದೆ ಬಿಟ್ಟರೆ ಬೇರೆ ದಾರಿಯಿಲ್ಲ. ಅಲ್ಲಿ ಹಿಂಬದಿಯಲ್ಲಿ ಮೂರಡಿಯಾದರೂ ಖಾಲಿ ಬಿಟ್ಟುಕೊಳ್ಳುವುದು ಒಂದು ಕೋಣೆ ಹೆಚ್ಚು ಕಟ್ಟುವುದಕ್ಕಿಂತ ಲಾಭ.

ಕಟ್ಟಿ ಮುಗಿದ ಮನೆಯಲ್ಲೂ ಮಾಡಲು ಎಷ್ಟೋ ಇದೆ. ಕೋಣೆಯ ಬಾಗಿಲ ಮೇಲಿನ ಗೋಡೆಯಲ್ಲಿ ಒಂದಡಿ ಎತ್ತರದ ಕಿಂಡಿ ತೆರೆಸಿದರೆ ಬಾಗಿಲು ಹಾಕಿ ಮಲಗಿದರೂ ಗಾಳಿ ನಡುಮನೆಗೆ ಹಾದುಹೋಗುತ್ತದೆ. ಸ್ಲೈಡಿಂಗ್ ಚೌಕಟ್ಟು ತೆಗೆಸಿ ಅದೇ ತೆರಪಿಗೆ ತೆರೆಯುವ ಕದ ಕೂರಿಸಬಹುದು. ಹೊಸ ಕಿಟಕಿಗೆ ಗೋಡೆ ಒಡೆಯುವವರು ಮಾತ್ರ ಎರಡು ಸಂಗತಿ ಗಮನಿಸಬೇಕು. ಪಿಲ್ಲರ್ ಇಲ್ಲದೆ ಗೋಡೆಯ ಮೇಲೇ ಛಾವಣಿ ನಿಂತಿರುವ ಮನೆಯಾದರೆ ಮೂಲೆಯಿಂದ ಎರಡಡಿಯಾದರೂ ಬಿಟ್ಟು ಒಡೆಯಬೇಕು. ಮೇಲೆ ಲಿಂಟಲ್ ಕೂರಿಸಿ, ಅದು ಗಟ್ಟಿಯಾಗುವವರೆಗೆ ಆಸರೆ ತೆಗೆಯಬಾರದು. ಆ ಕೆಲಸವನ್ನು ಫೆಬ್ರವರಿಯೊಳಗೆ ಮುಗಿಸಿಕೊಂಡರೆ ಯುಗಾದಿಯ ಹೊತ್ತಿಗೆ ಏರುವ ಸೆಕೆಗೆ ಹೊಸ ಕಿಟಕಿ ತೆರೆದಿರುತ್ತದೆ.